ಗೌರಮ್ಮನ ಹಾಲು ಮತ್ತು ಇಪ್ಪತ್ತೇಳು ಡಿಗ್ರಿ

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಹಳ್ಳಿಗಳಿಂದ ಹಾಲು ಕೊಳ್ಳುವ ಸಂಸ್ಥೆಯೊಂದರ ಗುಣಮಟ್ಟ ವಿಭಾಗಕ್ಕೆ ತಾಂತ್ರಿಕ ಸಹಾಯಕಿಯಾಗಿ ಸೇರಿದ ಎರಡನೆಯ ವರ್ಷ ನನಗೆ ಹೊಳೆನರಸೀಪುರ ಮತ್ತು ಅರಕಲಗೂಡು ತಾಲ್ಲೂಕುಗಳ ಕೆಲವು ಹಳ್ಳಿ ಡೈರಿಗಳ ಜವಾಬ್ದಾರಿ ಬಂತು. ಪ್ರಯೋಗಾಲಯ ಇದ್ದದ್ದು ಹಾಸನದಲ್ಲಿ, ನನ್ನ ಮನೆ ಚನ್ನರಾಯಪಟ್ಟಣದಲ್ಲಿ. ಆದರೆ ಹಾಲಿನ ಕೆಲಸ ಬೆಳಗಾಗುವ ಹೊತ್ತಿಗೆ ಹಳ್ಳಿಯಲ್ಲೇ ಶುರುವಾಗುತ್ತದೆ. ಅದಕ್ಕಾಗಿ ಹೊಳೆನರಸೀಪುರದಲ್ಲಿ ಒಂದು ರೂಮು ಮಾಡಿಕೊಂಡಿದ್ದೆ. ಮೊದಲ ಬಸ್ಸಿನ ಕಂಡಕ್ಟರ್ ನನ್ನ ಚೀಲದಲ್ಲಿ ಗಾಜಿನ ಸಾಮಾನು ಇರುತ್ತದೆಂದು ತಿಳಿದು, ಕೇಳದೆಯೇ ಕಿಟಕಿ ಪಕ್ಕದ ಸೀಟು ತೋರಿಸುತ್ತಿದ್ದ.

ಆ ಧನುರ್ಮಾಸದಲ್ಲಿ ಅರಕಲಗೂಡು ರಸ್ತೆಯ ಒಂದು ಹಳ್ಳಿಯಿಂದ ದೂರು ಬಂತು. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿನ ಹಾಲು ಉತ್ಪಾದಕರ ಸಂಘದ ಸದಸ್ಯೆ ಗೌರಮ್ಮ ಹಾಲಿಗೆ ನೀರು ಬೆರೆಸುತ್ತಾರೆ, ಅವರ ಸದಸ್ಯತ್ವ ರದ್ದು ಮಾಡಬೇಕೆಂದು ನಿರ್ದೇಶಕರು ತೀರ್ಮಾನಿಸಿದ್ದಾರೆ, ಅದಕ್ಕೆ ನಮ್ಮ ವಿಭಾಗದ ವರದಿ ಬೇಕು ಎಂಬುದು ಅದರ ಸಾರ. ವರದಿ ಬರೆದು ಸಹಿ ಹಾಕಬೇಕಾದವಳು ನಾನು. ಆ ಊರಿಗೆ ಇದ್ದದ್ದು ಅದೊಂದೇ ಡೈರಿ. ಅಲ್ಲಿಂದ ಹೊರಬಿದ್ದರೆ ಒಂದು ಹಸು ಕಟ್ಟಿಕೊಂಡ ಒಂಟಿ ಹೆಂಗಸಿಗೆ ಹಾಲು ಕೊಡಲು ಬೇರೆ ಜಾಗವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, 'ನೀರು ಹಾಕುವವಳು' ಎಂಬ ಹೆಸರು ಹಳ್ಳಿಯಲ್ಲಿ ಒಮ್ಮೆ ಅಂಟಿದರೆ ಅಳಿಸುವುದು ಕಷ್ಟ.

ಮೊದಲು ಸಂಘದ ಕಾರ್ಯದರ್ಶಿ ಮಂಜೇಗೌಡರಿಗೆ ಫೋನ್ ಮಾಡಿದೆ. ಅವರು ಸುಳ್ಳು ಹೇಳುವವರಲ್ಲ, ಯಾರ ಮೇಲೂ ಹಗೆ ಸಾಧಿಸುವವರೂ ಅಲ್ಲ.

"ಮೇಡಂ, ಡೈರಿ ಮೆಷಿನ್ನು ರಿಪೇರಿಗೆ ಆಸನಕ್ಕೋಗೈತೆ. ಅದಿದ್ದಾಗ ಗೌರಮ್ಮುನ್ ಆಲು ಒಂದ್ ದಿನಾನೂ ಫೇಲ್ ಆಗಿಲ್ಲ. ಮೆಷಿನ್ ಓಯ್ತು, ಲ್ಯಾಕ್ಟೋಮೀಟ್ರು ಈಚೆಗ್ ತೆಗುದ್ವಿ, ಅವತ್ತಿಂದ ಒಂದ್ ದಿನಾನೂ ಪಾಸಾಗಿಲ್ಲ. ಇದರ ಮೇಲೆ ನೀವೇ ಏಳಿ."

ನೋಡುವವರಿಗೆ ಇದು ಗಟ್ಟಿ ಸಾಕ್ಷಿ. ಹಾಲು ಪರೀಕ್ಷಿಸುವ ಮೆಷಿನ್ ಇದ್ದಾಗ ಭಯ, ಇಲ್ಲದಾಗ ಧೈರ್ಯ. ಆದರೆ ನನಗೆ ಅದೇ ಮಾತು ಇನ್ನೊಂದು ರೀತಿಯಲ್ಲೂ ಕೇಳಿಸಿತು. ಮೆಷಿನ್ ಹೋದಾಗ ಬದಲಾದದ್ದು ಗೌರಮ್ಮನೂ ಇರಬಹುದು, ಅಳತೆಯೂ ಇರಬಹುದು. ಯಾವುದೆಂದು ಹೋಗಿ ನೋಡಿದರೇ ತಿಳಿಯುತ್ತದೆ.

ಲ್ಯಾಕ್ಟೋಮೀಟರ್ ಎಂದರೇನೆಂದು ಇಲ್ಲಿ ಹೇಳಿಬಿಡುತ್ತೇನೆ. ಅದೊಂದು ಗಾಜಿನ ತೇಲುಬುರುಡೆ. ಕೆಳಗೆ ಭಾರದ ಗುಂಡು, ಮೇಲೆ ಅಂಕಿ ಬರೆದ ಸಣ್ಣ ಕಾಂಡ. ಹಾಲು ತುಂಬಿದ ಉದ್ದ ಲೋಟದೊಳಗೆ ಬಿಟ್ಟರೆ ಹಾಲು ಗಟ್ಟಿಯಿದ್ದಷ್ಟೂ ಮೇಲೆ ತೇಲುತ್ತದೆ, ತೆಳುವಿದ್ದಷ್ಟೂ ಮುಳುಗುತ್ತದೆ. ಅದು ಅಳೆಯುವುದು ಸಾಂದ್ರತೆಯನ್ನು, ಅಂದರೆ ಇಷ್ಟು ಜಾಗದಲ್ಲಿ ಎಷ್ಟು ದ್ರವ್ಯ ಇದೆ ಎಂಬುದನ್ನು. ಒಂದು ಲೀಟರ್ ನೀರು ಸುಮಾರು ಸಾವಿರ ಗ್ರಾಂ ತೂಗಿದರೆ, ಒಂದು ಲೀಟರ್ ಹಾಲು ಸಾವಿರದ ಇಪ್ಪತ್ತೆಂಟು ಗ್ರಾಂ ತೂಗಬಹುದು. ಆ ಹೆಚ್ಚಿನ ಇಪ್ಪತ್ತೆಂಟನ್ನೇ ಕಾಂಡದ ಮೇಲೆ 28 ಎಂದು ಓದುತ್ತೇವೆ. ನೀರು ಬೆರೆತರೆ ಈ ಅಂಕಿ ಇಳಿಯುತ್ತದೆ. ಹಳ್ಳಿಗಳಲ್ಲಿ ಈ ಅಂಕಿಗೆ 'ಡಿಗ್ರಿ' ಎನ್ನುತ್ತಾರೆ. "ನಿಮ್ದು ಎಷ್ಟು ಡಿಗ್ರಿ ಬಂತು?" ಎಂದು ಬೆಳಗಿನ ಸಾಲಿನಲ್ಲಿ ಒಬ್ಬರನ್ನೊಬ್ಬರು ಕೇಳುವುದುಂಟು. ಈ ಮಾತು ನೆನಪಿರಲಿ.

ಮರುದಿನ ಬೆಳಗ್ಗೆ ಬಸ್ಸಿಳಿದಾಗ ಮಂಜು ಇನ್ನೂ ಕರಗಿರಲಿಲ್ಲ. ಡೈರಿಯ ಕೋಣೆಗೆ ಒತ್ತಿಕೊಂಡೇ ಗೌರಮ್ಮನ ಕೊಟ್ಟಿಗೆ ಇತ್ತು. ನಡುವೆ ಒಂದು ಗೋಡೆ ಅಷ್ಟೆ. ಅದಕ್ಕಾಗಿಯೇ ಆ ಡೈರಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಪ್ರತಿದಿನ ಮೊದಲ ಹಾಲು ಗೌರಮ್ಮನದು. ಅದಕ್ಕೆ 'ಬೋಣಿ ಹಾಲು' ಎಂದೇ ಹೆಸರು. ಆಕೆ ಬಂದು ಸುರಿದ ಮೇಲೆಯೇ ಉಳಿದವರ ಸಾಲು ಮುಂದೆ ಸರಿಯುತ್ತಿತ್ತು.

ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ನನ್ನನ್ನು ಕಂಡ ಕೂಡಲೇ ಕೈ ಒರೆಸಿಕೊಂಡು ಬಂದರು.

"ನೀವೇನಾ ಆಸನದ ಮೇಡಮ್ಮು? ಬನ್ನಿ, ಕೊಟ್ಟಿಗೆಗೇ ಬನ್ನಿ. ನಿಮ್ ಕಣ್ಮುಂದೇನೇ ಕರೀತೀನಿ. ನೀರ್ ಆಕ್ತೀಯಾ ಅಂತ ಅಂದಾಗಿಂದ ನಾನು ಕೆಚ್ಚಲಿಂದ ಸೀದಾ ಡೈರಿಗೆ ಓಡ್ತೀನಿ ಕಣವ್ವ. ನಡುವೆ ಉಸ್ರಾಡಕ್ಕೂ ನಿಲ್ಲಾಕಿಲ್ಲ. ನಿಂತ್ರೆ ತಾನೆ ನೀರ್ ಆಕಿದ್ಲು ಅನ್ನೋದು?"

ನನಗೂ ಅದೇ ಬೇಕಾಗಿತ್ತು. ಕೊಟ್ಟಿಗೆಗೆ ಹೋದೆ. ಮಂಜೇಗೌಡರೂ ಬಂದರು. ಕರೆಯದಿದ್ದರೂ ಚಂದ್ರೇಗೌಡರೂ ಬಂದರು. ಅವರು ಸಂಘದ ನಿರ್ದೇಶಕರು, ದೂರು ಬರೆಸಿದವರು. ಊರಾಚೆ ತೋಟದ ಮನೆಯಲ್ಲಿ ನಾಲ್ಕು ಹಸು ಕಟ್ಟಿದ್ದರು. ವಯಸ್ಸಿನಲ್ಲಿ ಗೌರಮ್ಮನಿಗಿಂತ ಚಿಕ್ಕವರು.

ಖಾಲಿ ಕ್ಯಾನನ್ನು ನಾನೇ ಮಗುಚಿ ನೋಡಿದೆ. ಗೌರಮ್ಮ ಕೂತು ಕರೆದರು. ನೊರೆ ಏರಿದ ಹಾಲನ್ನು ಹಿಡಿದು ನಾಲ್ವರೂ ಗೋಡೆಯಾಚೆಯ ಡೈರಿಗೆ ನಡೆದೆವು. ಮಂಜೇಗೌಡರು ಹಾಲನ್ನು ಉದ್ದ ಲೋಟಕ್ಕೆ ಬಗ್ಗಿಸಿ ಲ್ಯಾಕ್ಟೋಮೀಟರ್ ಬಿಟ್ಟರು. ಅದು ಮುಳುಗುತ್ತಾ ಹೋಗಿ 25ರ ಗೆರೆಯ ಹತ್ತಿರ ನಿಂತಿತು.

ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿ ನೋಡಿದರು. ಚಂದ್ರೇಗೌಡರೇ ಮೊದಲು ಬಾಯಿಬಿಟ್ಟರು.

"ಏನ್ ಗೌರಕ್ಕ, ಅಸುಗೆ ಬೋರ್‌ವೆಲ್ ಕನೆಕ್ಷನ್ ಕೊಟ್ಟಿದ್ದೀಯಾ?"

ಜನ ನಕ್ಕರು. "ನಿನ್ ಬಾಯ್ಗೆ ಬಿಡ್ಬೇಕು ಕಣ್ಲಾ ಚಂದ್ರ, ಆ ಲ್ಯಾಕ್ಟೋಮೀಟ್ರ. ತಳಾನೇ ಸಿಕ್ಕಾಕಿಲ್ಲ," ಎಂದರು ಗೌರಮ್ಮ. ಆದರೆ ದನಿ ನಡುಗುತ್ತಿತ್ತು.

"ನಗೋ ಮಾತಲ್ಲ ಮೇಡಂ," ಎಂದರು ಚಂದ್ರೇಗೌಡರು ನನ್ನ ಕಡೆ ತಿರುಗಿ. "ರಾತ್ರಿ ಉಪ್ಪುನೀರು ಕುಡ್ಸವ್ಳೆ. ಅಸ ನೀರು ಕುಡುದ್ರೆ ಆಲು ನೀರಾಯ್ತದೆ. ನೀವು ಕಂಡಂಗೇ ಕರುದ್ರೂ ಇಪ್ಪತ್ತೈದು. ಇನ್ನೇನ್ ಬೇಕು? ಬರ್ದು ಕೊಟ್ಬುಡಿ."

ಹಾಲು ಕೆಚ್ಚಲಿನಿಂದ ಲೋಟದವರೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಒಂದು ಹನಿ ನೀರೂ ಬಿದ್ದಿರಲಿಲ್ಲ. ಹಸು ಕುಡಿದ ನೀರು ಹಾಗೆ ಹಾಲಿಗೆ ಇಳಿಯುವುದೂ ಇಲ್ಲ, ಇದೇ ಹಸುವಿನ ಹಾಲು ಮೆಷಿನ್ನಿನಲ್ಲಿ ದಿನವೂ ಪಾಸಾಗಿತ್ತು. ಆದ್ದರಿಂದ ತಪ್ಪು ಇರುವುದು ಓದಿನಲ್ಲಿ ಎಂಬುದು ನನಗೆ ಖಚಿತವಾಯಿತು. ಯಾವ ತಪ್ಪು ಎಂಬುದು ಮಾತ್ರ ಉಳಿದಿತ್ತು.

"ಎಷ್ಟು ಬಂದರೆ ಪಾಸು ಅಂತ ಇಟ್ಟುಕೊಂಡಿದ್ದೀರಿ?" ಎಂದು ಮಂಜೇಗೌಡರನ್ನು ಕೇಳಿದೆ.

"ಇಪ್ಪತ್ತೇಳು ಡಿಗ್ರಿ ಮೇಡಂ. ಅದುಕ್ ಕಮ್ಮಿ ಬಂದ್ರೆ ವಾಪಸ್ಸು."

"ಇಪ್ಪತ್ತೇಳು ಅಂತ ಯಾರು ಹೇಳಿದರು?"

ಅವರಿಗೆ ಸ್ವಲ್ಪ ಬೇಸರವೇ ಆಯಿತು. ಲ್ಯಾಕ್ಟೋಮೀಟರನ್ನು ಎತ್ತಿ, ಹಾಲು ಒರೆಸಿ, ಬೆಳಕಿಗೆ ಹಿಡಿದರು. "ನಾನ್ಯಾಕೆ ಕೈಯಿಂದ ಏಳ್ಲಿ ಮೇಡಂ? ಗಾಜಿನ್ ಒಳ್ಗೇ ಕಂಪ್ನಿಯೋರೇ ಬರ್ದವ್ರೆ ನೋಡಿ. ಇಪ್ಪತ್ತೇಳು, ಮೇಲೊಂದ್ ಸಣ್ಣ ಸೊನ್ನೆ. ಅಂದ್ರೆ ಡಿಗ್ರಿ."

ಕಾಂಡದೊಳಗಿನ ಕಾಗದದ ಪಟ್ಟಿಯ ಮೇಲೆ ನಿಜವಾಗಿಯೂ ಹಾಗೇ ಇತ್ತು. 27, ಮೇಲೊಂದು ಸಣ್ಣ ಸೊನ್ನೆ, ಅದರ ಮುಂದೆ ಸಿ ಅಕ್ಷರ. ಆ ಸಿ ಅಕ್ಷರವನ್ನು ಯಾರೂ ಗಮನಿಸಿರಲಿಲ್ಲ. ಅದು ಸೆಲ್ಸಿಯಸ್. ಈ ಉಪಕರಣ ಸರಿಯಾಗಿ ಓದುವುದು ಹಾಲು ಇಪ್ಪತ್ತೇಳು ಡಿಗ್ರಿ ಉಷ್ಣಾಂಶದಲ್ಲಿ ಇದ್ದಾಗ ಮಾತ್ರ ಎಂದು ತಯಾರಕರು ಹೇಳಿದ್ದರು. ಹಾಲು ಎಷ್ಟು ಗಟ್ಟಿ ಇರಬೇಕೆಂದು ಅವರು ಹೇಳಿರಲಿಲ್ಲ. ಡೈರಿಯ ಸಾಲಿನಲ್ಲಿ ಹಾಲಿನ ಗಟ್ಟಿತನಕ್ಕೂ ಡಿಗ್ರಿ, ಜ್ವರಕ್ಕೂ ಡಿಗ್ರಿ. ಒಂದೇ ಮಾತು ಎರಡು ಅಳತೆಗಳನ್ನು ಹೊತ್ತುಕೊಂಡಿತ್ತು. ಮಂಜೇಗೌಡರು ಅದರಲ್ಲಿ ತಮಗೆ ಪರಿಚಯವಿದ್ದ ಅಳತೆಯನ್ನು ಓದಿಕೊಂಡಿದ್ದರು.

ಚೀಲದಿಂದ ಥರ್ಮಾಮೀಟರ್ ತೆಗೆದು ಗೌರಮ್ಮನ ಹಾಲಿಗೆ ಇಟ್ಟೆ. ಮೂವತ್ತಾರು. ಹಸುವಿನ ಮೈಬಿಸಿ ಇನ್ನೂ ಆರಿರಲಿಲ್ಲ.

ಬಿಸಿಯಾದರೆ ಯಾವ ದ್ರವವೂ ಹಿಗ್ಗುತ್ತದೆ. ದ್ರವ್ಯ ಅಷ್ಟೇ ಇರುತ್ತದೆ, ಅದು ಹಿಡಿಯುವ ಜಾಗ ಹೆಚ್ಚುತ್ತದೆ. ಆದ್ದರಿಂದ ಸಾಂದ್ರತೆ ಕಡಿಮೆಯಾಗಿ ಲ್ಯಾಕ್ಟೋಮೀಟರ್ ಮುಳುಗುತ್ತದೆ. ಇಪ್ಪತ್ತೇಳರ ಮೇಲಿನ ಪ್ರತಿ ಡಿಗ್ರಿ ಬಿಸಿಗೆ ಓದು ಸುಮಾರು 0.2ರಷ್ಟು ಇಳಿಯುತ್ತದೆ. ಜೊತೆಗೆ ಆಗತಾನೆ ಕರೆದ ಹಾಲಿನ ನೊರೆಯಲ್ಲೂ ಹಾಲಿನೊಳಗೂ ಗಾಳಿ ಸೇರಿಕೊಂಡಿರುತ್ತದೆ. ಅದೂ ಸಾಂದ್ರತೆಯನ್ನು ಇಳಿಸುತ್ತದೆ. ಮೆಷಿನ್ ಉಷ್ಣಾಂಶವನ್ನು ತಾನೇ ಅಳೆದು ಲೆಕ್ಕ ಸರಿಪಡಿಸುತ್ತಿತ್ತು. ಹಾಗಾಗಿ ಆಗ ತೊಂದರೆ ಬಂದಿರಲಿಲ್ಲ. ಗೌರಮ್ಮ ತಮ್ಮ ಪ್ರಾಮಾಣಿಕತೆ ತೋರಿಸಲು ಎಷ್ಟು ಬೇಗ ಓಡಿಬರುತ್ತಿದ್ದರೋ ಹಾಲು ಅಷ್ಟೇ ಬಿಸಿಯಾಗಿರುತ್ತಿತ್ತು, ಅಷ್ಟೇ ನೊರೆಯಾಗಿರುತ್ತಿತ್ತು, ಲ್ಯಾಕ್ಟೋಮೀಟರ್ ಅಷ್ಟೇ ಕೆಳಗಿಳಿಯುತ್ತಿತ್ತು.

ಇಷ್ಟನ್ನೂ ಬಾಯಲ್ಲಿ ಹೇಳಿದರೆ ಆಗದು, ಕಣ್ಣಿಗೆ ಕಾಣಬೇಕು ಎನಿಸಿತು. ಗೌರಮ್ಮನ ಕೊಟ್ಟಿಗೆಯಿಂದ ಒಂದು ಬಕೆಟ್ ತಣ್ಣೀರು ತರಿಸಿದೆ. ಹಾಲಿದ್ದ ಉದ್ದ ಲೋಟಕ್ಕೆ ಲ್ಯಾಕ್ಟೋಮೀಟರನ್ನು ಮತ್ತೆ ಬಿಟ್ಟು ಅದನ್ನು ಬಕೆಟ್ಟಿನೊಳಗೆ ನಿಲ್ಲಿಸಿದೆ.

"ನೀರು ಒಳಗೆ ಓಗ್ದಂಗೆ ನೋಡ್ಕಳಿ ಮೇಡಂ," ಎಂದರು ಚಂದ್ರೇಗೌಡರು.

"ನೀವೇ ಹಿಡಿದುಕೊಳ್ಳಿ," ಎಂದೆ.

ಅವರು ಹಿಡಿದುಕೊಂಡರು. ಉಳಿದವರ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿ ಎಲ್ಲರೂ ಬಕೆಟ್ಟಿನ ಸುತ್ತ ನಿಂತರು. ನಾನು ಹಾಲನ್ನು ಮೆಲ್ಲಗೆ ಕದಡುತ್ತಾ ಥರ್ಮಾಮೀಟರ್ ಓದಿ ಹೇಳುತ್ತಿದ್ದೆ. ನೊರೆ ಇಳಿಯಿತು. ಮೂವತ್ತೆರಡು, ಮೂವತ್ತು. ಲ್ಯಾಕ್ಟೋಮೀಟರ್ ಕಾಂಡ ಹಾಲಿನಿಂದ ಮೆಲ್ಲಗೆ ಮೇಲೇಳತೊಡಗಿತು. 26ರ ಗೆರೆ ಕಂಡಿತು, ಆಮೇಲೆ 27ರದ್ದು.

"ಎದ್ದೇಳ್ತಾ ಐತೆ ಕಣ್ಲಾ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಉಷ್ಣಾಂಶ ಇಪ್ಪತ್ತೇಳಕ್ಕೆ ಬಂದಾಗ ಲೋಟವನ್ನು ಮೇಜಿನ ಮೇಲಿಟ್ಟು, ಕಾಂಡ ಅಲುಗಾಡುವುದು ನಿಂತ ಮೇಲೆ ಮಂಜೇಗೌಡರನ್ನೇ ಓದಲು ಹೇಳಿದೆ. ಅವರು ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ನೋಡಿದರು. ಇನ್ನೊಮ್ಮೆ ನೋಡಿದರು.

"ಇಪ್ಪತ್ತೆಂಟು," ಎಂದರು. ಆಮೇಲೆ ಗೌರಮ್ಮನ ಕಡೆ ತಿರುಗಿ, ದನಿ ತಗ್ಗಿಸಿ, "ಗೌರಕ್ಕ, ಇಷ್ಟ್ ದಿನ ನಿನ್ನ ಆಲಿನ್ ಜ್ವರ ನೋಡ್ದೆ ಬೈದ್ಬುಟ್ಟೆ ಕಣಕ್ಕ," ಎಂದರು.

ಗೌರಮ್ಮ ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನಲ್ಲಿದ್ದ ಚಂದ್ರೇಗೌಡರ ಕ್ಯಾನಿನತ್ತ ಬೆರಳು ತೋರಿಸಿದರು. "ಈಗ ಅವುನ್ದೂ ನೋಡಿ ಮೇಡಂ."

ನೋಡಬೇಕಾದದ್ದು ನ್ಯಾಯವೇ. ಚಂದ್ರೇಗೌಡರು ಹಾಲು ಕೆಡಬಾರದೆಂದು, ನಾವೇ ತರಬೇತಿಯಲ್ಲಿ ಹೇಳಿದಂತೆ, ತುಂಬಿದ ಕ್ಯಾನನ್ನು ತೋಟದ ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ತರುತ್ತಿದ್ದರು. ಆ ಚಳಿಯಲ್ಲಿ ಅವರ ಹಾಲು ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಇತ್ತು. ಲ್ಯಾಕ್ಟೋಮೀಟರ್ 27.5 ತೋರಿಸಿತು. ಡೈರಿಯ ಪದ್ಧತಿಯಲ್ಲಿ ಆರಾಮಾಗಿ ಪಾಸು. ಆದರೆ ತಣ್ಣಗಿನ ಹಾಲು ಕುಗ್ಗಿರುತ್ತದೆ, ಹಾಗಾಗಿ ಓದು ಹೆಚ್ಚು ಬರುತ್ತದೆ. ಏಳು ಡಿಗ್ರಿಗೆ 1.4 ಕಳೆಯಬೇಕು. ಉಳಿದದ್ದು 26.1, ಡೈರಿಯವರೇ ಇಟ್ಟುಕೊಂಡಿದ್ದ ಇಪ್ಪತ್ತೇಳಕ್ಕಿಂತ ಕಡಿಮೆ.

ಲೆಕ್ಕ ಎಲ್ಲರಿಗೂ ಅರ್ಥವಾಗಿಬಿಟ್ಟಿತ್ತು. ಚಂದ್ರೇಗೌಡರು ಗೋಡೆ ನೋಡುತ್ತಾ ನಿಂತರು.

"ಏಳಿ ಮೇಡಂ," ಎಂದರು ಗೌರಮ್ಮ. ಈಗ ಅವರ ದನಿ ನಡುಗುತ್ತಿರಲಿಲ್ಲ. "ನೀರ್ ಆಕವ್ನೆ ಅಂತ ಏಳಿ. ನಂಗಂದಂಗೇ ಇಷ್ಟ್ ಜನದ್ ಮುಂದೆ ಏಳಿ."

"ನನಗೆ ಗೊತ್ತಿಲ್ಲ," ಎಂದೆ.

"ಅಂಗಂದ್ರೆ? ನೀವೇ ಲೆಕ್ಕ ಆಕುದ್ರಲ್ಲ!"

"ಇದು ನೀರನ್ನು ಅಳೆಯುವುದಿಲ್ಲ ಗೌರಮ್ಮ. ಹಾಲು ಎಷ್ಟು ಗಟ್ಟಿ ಅಂತ ಮಾತ್ರ ಅಳೆಯುತ್ತೆ. ಯಾಕೆ ತೆಳು ಅಂತ ಹೇಳಲ್ಲ. ನಿಮ್ಮದಕ್ಕೆ ಬಿಸಿ ಕಾರಣ. ಅವರದಕ್ಕೆ ಏನು ಅಂತ ಲ್ಯಾಬಿನಲ್ಲಿ ನೋಡಬೇಕು. ನೋಡದೆ ಹೇಳಿದರೆ ನಿಮಗೆ ಆದದ್ದೇ ಅವರಿಗೂ ಆಗುತ್ತೆ."

ಗೌರಮ್ಮನಿಗೆ ಈ ಮಾತು ರುಚಿಸಲಿಲ್ಲ. "ಓದ್ದೋರ್ ಮಾತು ಇಂಗೇ ಕಣವ್ವ, ಗೆದ್ರೂ ಗೆದ್ದಂಗಿರಾಕಿಲ್ಲ," ಎಂದು ಕ್ಯಾನ್ ತೊಳೆಯಲು ಹೋದರು.

ಇಬ್ಬರ ಹಾಲನ್ನೂ ಸೀಸೆಗಳಲ್ಲಿ ತುಂಬಿ, ಐಸ್ ಡಬ್ಬಿಯಲ್ಲಿಟ್ಟು ಹಾಸನಕ್ಕೆ ಒಯ್ದೆ. ಅಲ್ಲಿ ಮಾಡುವ ಒಂದು ಪರೀಕ್ಷೆ ಇದೆ. ಹಾಲು ಯಾವ ಉಷ್ಣಾಂಶದಲ್ಲಿ ಮಂಜುಗಡ್ಡೆಯಾಗುತ್ತದೆ ಎಂದು ನೋಡುವುದು. ಹಾಲಿನಲ್ಲಿ ಸಕ್ಕರೆ, ಲವಣಗಳು ಕರಗಿರುವುದರಿಂದ ಅದು ನೀರಿಗಿಂತ ತುಸು ಹೆಚ್ಚಿನ ಚಳಿಯಲ್ಲಿ ಗಡ್ಡೆಯಾಗುತ್ತದೆ. ಆ ಬಿಂದು ಹಸುವಿನಿಂದ ಹಸುವಿಗೆ ಅಷ್ಟಾಗಿ ಬದಲಾಗುವುದಿಲ್ಲ. ನೀರು ಬೆರೆತಿದ್ದರೆ ಅದು ಸೊನ್ನೆಯ ಕಡೆಗೆ ಸರಿಯುತ್ತದೆ. ಆದ್ದರಿಂದ ನೀರಿನ ಪ್ರಶ್ನೆಗೆ ಇದೇ ನೇರ ಉತ್ತರ. ಗೌರಮ್ಮನ ಹಾಲಿನಲ್ಲಿ ನೀರಿರಲಿಲ್ಲ. ಚಂದ್ರೇಗೌಡರ ಹಾಲಿನಲ್ಲೂ ಇರಲಿಲ್ಲ. ವಿಚಾರಿಸಿದರೆ, ಅವರ ಹಸುಗಳಿಗೆ ಒಣಹುಲ್ಲು ಬಿಟ್ಟರೆ ಬೇರೆ ಮೇವು ಬೀಳುತ್ತಿರಲಿಲ್ಲ, ಹಿಂಡಿ ಕಡಿಮೆ. ಹಾಲು ತನ್ನಷ್ಟಕ್ಕೆ ತೆಳುವಾಗಿತ್ತು.

ನನ್ನ ವರದಿ ಅರ್ಧ ಪುಟ. ಇಬ್ಬರ ಹಾಲಿನಲ್ಲೂ ನೀರಿಲ್ಲ, ಚಂದ್ರೇಗೌಡರದು ಮೇವಿನ ಕೊರತೆಯಿಂದ ತೆಳು, ಗೌರಮ್ಮನ ಸದಸ್ಯತ್ವ ರದ್ದತಿಗೆ ಆಧಾರವಿಲ್ಲ, ಪ್ರತಿ ಓದಿಗೂ ಮೊದಲು ಉಷ್ಣಾಂಶ ನೋಡಬೇಕು. ನಿರ್ದೇಶಕರ ಸಭೆಯಲ್ಲಿ ಅದನ್ನು ಓದಿದವರು ಚಂದ್ರೇಗೌಡರೇ ಎಂದು ಮಂಜೇಗೌಡರು ಫೋನಿನಲ್ಲಿ ತಿಳಿಸಿದರು. ತಮ್ಮ ಹಾಲಿನ ವಿಷಯವನ್ನೂ ಬಿಡದೆ ಓದಿದರಂತೆ. ಓದಿ ಮುಗಿಸಿ, "ಇಬ್ರೂ ಉಳ್ಕಂಡ್ವಿ ಕಣಕ್ಕ," ಎಂದರಂತೆ. "ನೀನು ಉಳ್ದಿದ್ದು ನನ್ ಬಕೀಟಿಂದ," ಎಂದು ಗೌರಮ್ಮ ಬಾಗಿಲಿನಿಂದಲೇ ಹೇಳಿದರಂತೆ.

ಮುಂದೆ ಆ ಊರಿಗೆ ಹೋದಾಗ ಮೆಷಿನ್ ಇನ್ನೂ ಬಂದಿರಲಿಲ್ಲ. ಡೈರಿ ಬಾಗಿಲು ತೆರೆದಿರಲಿಲ್ಲ, ಮೆಟ್ಟಿಲ ಮೇಲೆ ಒಂದು ಬಕೆಟ್ ತಣ್ಣೀರು, ಅದರೊಳಗೆ ಗೌರಮ್ಮನ ಕ್ಯಾನ್. ಅದರ ಹಿಂದೆ ಬೇರೆಯವರ ಕ್ಯಾನುಗಳು ಸಾಲಾಗಿ ಕಾಯುತ್ತಿದ್ದವು. ಆ ಕ್ಯಾನನ್ನು ದಾಟಿ ಯಾರೂ ಮುಂದೆ ಬಂದಿರಲಿಲ್ಲ. "ಬೋಣಿ ನಂದೇ ಮೇಡಂ," ಎಂದರು ಗೌರಮ್ಮ. "ಆದ್ರೆ ಆರುದ್ ಮ್ಯಾಲೆ."

ಮಂಜೇಗೌಡರು ಬಾಗಿಲು ತೆರೆದು ಮೊದಲು ಥರ್ಮಾಮೀಟರ್ ಕೈಗೆತ್ತಿಕೊಂಡರು. ಸಾಲಿನ ಹಿಂದಿನಿಂದ ಯಾರೋ "ಎಷ್ಟ್ ಡಿಗ್ರಿ?" ಎಂದು ಕೂಗಿದರು. ಅವರು ತಲೆ ಎತ್ತದೆ "ಯಾವ್ ಡಿಗ್ರಿ?" ಎಂದು ಕೇಳಿದರು.

ಕಾಲೇಜಿನಲ್ಲಿ ಅಂಕಿಯ ಪಕ್ಕ ಏಕಮಾನ ಬರೆಯದಿದ್ದರೆ ಅಂಕ ಕಳೆಯುತ್ತಿದ್ದರು. ಅದು ಶಿಸ್ತಿನ ಮಾತು ಎಂದು ಆಗ ತಿಳಿದಿದ್ದೆ. ಒಂದು ಅಕ್ಷರ ಓದದೆ ಬಿಟ್ಟರೆ ಅದು ಒಬ್ಬರ ಹೆಸರನ್ನೇ ಕೆಡಿಸಬಹುದೆಂದು ಈ ಕೆಲಸ ಕಲಿಸಿತು. ಈಗ ಯಾರಾದರೂ ಬರೀ ಅಂಕಿ ಹೇಳಿ ಯಾರ ಮೇಲಾದರೂ ದೂರಿದರೆ, ನಾನೂ ಮೊದಲು ಮಂಜೇಗೌಡರ ಆ ಪ್ರಶ್ನೆಯನ್ನೇ ಕೇಳುತ್ತೇನೆ.