ಒಣಗದ ಮಂಜು

ಗಂಗೊಳ್ಳಿಯಲ್ಲಿ ಹೊಳೆ ಕಡಲು ಸೇರುವಲ್ಲಿನ ಬೆಳಗಿನ ಮಂಜನ್ನು ಆಯಿಲ್ ಪೇಂಟಿನಲ್ಲಿ ಬಿಡಿಸಲು ಹೊರಟಾಗ ನನಗೆ ಅರವತ್ತೆರಡು. ಅದು ಮುಂಬೈಯಲ್ಲಿರುವ ನನ್ನ ಅಕ್ಕನಿಗೆ. ಚಿಕ್ಕವರಿದ್ದಾಗ ನಾವಿಬ್ಬರೂ ಅಲ್ಲಿ ದೋಣಿ ದಾಟುತ್ತಿದ್ದೆವು. ಅವಳು ಊರಿಗೆ ಬಂದು ಹಿಂದಿರುಗುವುದರೊಳಗೆ ಚಿತ್ರ ಒಣಗಿ ತಯಾರಾಗಬೇಕಿತ್ತು.

ಕಲಿಸಿದವಳು ಡ್ರಾಯಿಂಗ್ ಟೀಚರಾದ ನನ್ನ ಸೊಸೆ. "ದೂರದ ಗುಡ್ಡಿಗೆ ಹಸ್ರ್ ಹಾಕ್ಬೇಡಿ ಅತ್ತೆ. ತೆಳು ನೀಲಿ ಹಾಕಿ" ಎಂದಳು.

"ಹತ್ರ ಹೋಯ್ ಕಂಡ್ರೆ ಹಸ್ರೇ ಅಲ್ದಾ?"

"ಹತ್ರ ಹೋಪ್ದ್ ಬ್ಯಾಡ. ಇಲ್ಲೇ ಕೂತ್ಕಣಿ."

ನನಗೆ ತಲೆಬುಡ ತಿಳಿಯಲಿಲ್ಲ. ಹಸಿರು ಗುಡ್ಡೆಯನ್ನು ನೀಲಿ ಎನ್ನುವುದು ಹೇಗೆ? ಮಂಜಿಗೆ ಬಿಳಿ ಹಚ್ಚಿದರೆ ಹೊಳೆಗೆ ಗಂಜಿ ತಿಳಿ ಚೆಲ್ಲಿದಂತಿತ್ತು. ಬೂದು ಬೆರೆಸಿದರೆ ಯಾರೋ ತರಗೆಲೆ ಸುಟ್ಟ ಹೊಗೆ.

ಅಷ್ಟರಲ್ಲಿ ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯ ಪುಟ್ಟ ಬಾಟಲಿ ಖಾಲಿಯಾಯಿತು. ಸೊಸೆ ಶಾಲೆಗೆ ಹೋಗಿದ್ದಳು. ಎಣ್ಣೆ ಯಾವುದಾದರೇನು? ಅಡಿಗೆಮನೆಯಲ್ಲಿ ಮಿಲ್ಲಿನಿಂದ ತಂದ ತೆಂಗಿನೆಣ್ಣೆ ಕ್ಯಾನ್ ತುಂಬ ಇತ್ತು. ಸುರಿದೆ. ಬಣ್ಣ ಬೆಣ್ಣೆಯ ಹಾಗೆ ಜಾರಿತು. ಯಾರಿಗೂ ಹೇಳಲಿಲ್ಲ.

ಎರಡು ವಾರವಾದರೂ ಚಿತ್ರ ಒಣಗಲಿಲ್ಲ. ಬಿಸಿಲಿಗಿಟ್ಟೆ, ಫ್ಯಾನಿನ ಕೆಳಗಿಟ್ಟೆ. ಸೊಸೆಗೂ ಕಾರಣ ಹೊಳೆಯಲಿಲ್ಲ. ಚಿತ್ರದ ಹೊಳೆಯ ಮೇಲೆ ಇರುವೆ ಸಾಲು ಹೊರಟದ್ದನ್ನು ಅವಳು ಕಂಡಾಗ, "ದೋಣಿ" ಎಂದುಬಿಟ್ಟೆ.

ಅಕ್ಕ ಬಂದವಳೇ ಮೂಗರಳಿಸಿದಳು. "ಇದೆಂತ ಮಾರಾಯ್ತಿ, ಚಿತ್ರಕ್ಕೂ ತಲಿಗ್ ಹಚ್ಚು ಎಣ್ಣಿ ಹಾಕಿದ್ಯಾ?"

ಸೊಸೆ ನನ್ನತ್ತ ತಿರುಗಿದಳು. "ಅತ್ತೇ! ತೆಂಗಿನೆಣ್ಣಿ ಒಣ್ಗುದೇ ಇಲ್ಲೆ!"

ನಾನು ಬಾಯಿ ಬಿಡುವ ಮೊದಲೇ ಅಕ್ಕ, ಒಣಗಿದೆಯೋ ನೋಡಲು, ದೂರದ ಗುಡ್ಡೆಯನ್ನು ಹೆಬ್ಬೆರಳಲ್ಲಿ ಒತ್ತಿ ಎಳೆದಿದ್ದಳು. ಗುಡ್ಡೆ ಆಕಾಶದೊಳಗೆ ಜಾರಿ ಮಸುಕಾಯಿತು. ನನಗೆ ಅಳು ಬರುವುದೊಂದು ಬಾಕಿ. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು ಚಿತ್ರ ನೋಡಿದಳು.

"ದೋಣಿಲ್ ಕೂತಾಗ ಹಿಂಗೇ ಕಾಣ್ತಿತ್ತ್. ಇನ್ನ್ ಮುಟ್ಬೇಡ."

ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಯಾವ ಬದಿಗೂ ತಾಗದಂತೆ ಕೂರಿಸಿ ಅವಳು ಅದನ್ನು ಮುಂಬೈ ಬಸ್ಸಿಗೆ ಹತ್ತಿಸಿದಳು.

"ಎಂತ ಮೀನಮ್ಮ?" ಎಂದ ಬಸ್ಸಿನವ.

"ಮೀನಲ್ಲ ಮಾರಾಯ, ಹೊಳಿ."

ಈಗ ಫೋನಿನಲ್ಲಿ ಟೈಪ್ ಮಾಡಲು ಕಲಿತ ಮೇಲೆ ತಿಂಗಳಿಗೊಮ್ಮೆ ಅವಳಿಗೆ ಬರೆದು ಕೇಳುತ್ತೇನೆ: ಒಣಗಿತಾ? ಇಲ್ಲೆ, ಎನ್ನುತ್ತಾಳೆ. ಚಿತ್ರದ ಮೂಲೆಯಲ್ಲಿ ನನ್ನ ಹೆಸರು ಹಾಕಲು ಮರೆತಿದ್ದೆ. ಆ ಮಂಜು ಬಿಡಿಸಿದ್ದು ನಾನೋ, ಅವಳ ಹೆಬ್ಬೆರಳೋ ಎಂಬುದು ನನಗೆ ಇನ್ನೂ ಗೊತ್ತಾಗಿಲ್ಲ.