ಮೊದಲು ನೀನು ತೂಗಿಸ್ಕೊ

ಜೀವ ಇರೋದನ್ನ ತೂಗಬಾರದು ಅಂತ ಬಿಳಿಚೋಡಿನ ಹತ್ತಿರದ ಹಟ್ಟಿಯ ಗೌರಜ್ಜಿ ಹಟ ಹಿಡಿದಳು. ಆಗ ಎಪ್ಪತ್ತರ ದಶಕದ ಕೊನೆ, ನಾನು ಪಶುವಿಜ್ಞಾನದ ಪದವಿ ಓದುತ್ತಿದ್ದೆ. ವಾರವಾರ ಕುರಿಮರಿಗಳನ್ನು ತೂಗಿ, ಯಾವ ಮೇವಿಗೆ ಚೆನ್ನಾಗಿ ಬೆಳೆಯುತ್ತವೆ ಎಂದು ನೋಡುವುದೇ ನನ್ನ ಸಂಶೋಧನೆ.

"ತೂಗಿದ್ರೆ ದೃಷ್ಟಿ ಆಗತೈತೆ ತಮ್ಮಾ. ತಾಯಿ ಸತ್ತ ಮರಿ ಇದು, ಮೇಕೆ ಹಾಲು ಕುಡಿಸಿ ಉಳಿಸ್ಕಂಡೀನಿ."

"ಏನೂ ಆಗಲ್ಲ ಅಜ್ಜಿ. ನಮ್ಮೂರಾಗೆ ಮದುಮಗನ್ನೂ ತೂಗ್ತಾರೆ," ಎಂದು ಬಾಯಿಗೆ ಬಂದ ಸುಳ್ಳು ಬಿಟ್ಟೆ.

"ಹಂಗಾರೆ ಮೊದ್ಲು ನೀನು ತೂಗಿಸ್ಕೊ."

ಬೇವಿನ ಕೊಂಬೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿದ್ದೆ. ಹುಣಸೆ ಮರವೂ ಇರಬಹುದು, ಹೇಳುವಾಗಲೆಲ್ಲ ಬದಲಾಗುತ್ತದೆ. ತಕ್ಕಡಿಗೆ ನೇತುಹಾಕಿದ ಗೋಣಿಚೀಲದಲ್ಲಿ ಕಾಲು ಮಡಚಿ ಕೂತು "ಬ್ಯಾ" ಎಂದೆ. ಹಟ್ಟಿಗೆ ಹಟ್ಟಿಯೇ ನಕ್ಕಿತು. ಅಜ್ಜಿಯೂ ನಕ್ಕು ಮರಿಯನ್ನು ಕೈಗೆ ಕೊಟ್ಟಳು.

ಮುಂದಿನ ವಾರ ಹೋದರೆ ಮರಿ ಇರಲಿಲ್ಲ. ಕರುಳುಬೇನೆ ಬಂದು ಸತ್ತಿತ್ತು. ತೂಗಿದ್ದಕ್ಕಲ್ಲ ಎಂದು ವಿವರಿಸಲು ಪುಸ್ತಕದ ಮಾತನ್ನೆಲ್ಲ ಜೋಡಿಸಿಕೊಂಡು ಬೈಗುಳಕ್ಕೆ ಕಾದು ನಿಂತೆ. ಅಜ್ಜಿ ಬೈಯಲಿಲ್ಲ. ದಡಬಡ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

"ನಿನ್ನನ್ನೂ ತೂಗಿದ್ವಲ್ಲೋ ತಮ್ಮಾ! ಮರಿ ಹೋದಾಗಿಂದ ನಿಂದೇ ಚಿಂತೆ ಆಗಿತ್ತು. ಹುಷಾರಾಗಿದೀಯಾ?"

ಅವಳು ಒಳಗಿಂದ ಕರಿದಾರ ತಂದು ನನ್ನ ಮಣಿಕಟ್ಟಿಗೆ ಕಟ್ಟುವವರೆಗೂ ಕೈ ಚಾಚಿ ನಿಂತಿದ್ದೆ.

ಈಗಲೂ ಡಾಕ್ಟರು ತೂಕದ ಯಂತ್ರ ತೋರಿಸಿದರೆ, "ಮೊದಲು ನೀವು ಹತ್ರಿ ಸಾರ್," ಅನ್ನುತ್ತೇನೆ. ಪಾಪ, ತಮಾಷೆ ಅಂದುಕೊಂಡು ನಗುತ್ತಾರೆ.