ಮೋರಿಯೊಳಗಿನ ಎರಡು ಗಂಟು

ಈ ಬೆಳಿಗ್ಗೆ ಐದೂಮುಕ್ಕಾಲಿಗೆ ನಾನು ಮೈಮೇಲೆ ಸುರಿದುಕೊಂಡ ನೀರು ಹೋದ ದಾರಿಯಲ್ಲೇ ತಿರುಗಿ ಬಂದು ನನ್ನ ಪಾದ ಮುಳುಗಿಸಿತು. ಐದೂಮುಕ್ಕಾಲು ನನ್ನ ಸ್ನಾನದ ಹೊತ್ತು; ಜ್ವರ ಬಂದಾಗಲೂ ತಪ್ಪಿದ್ದಿಲ್ಲ. ಆರಕ್ಕೆ ಹೊರಗೆ ಹೋಗಿ ನೋಡಿದರೆ ಮೋರಿ ಕಟ್ಟಿಕೊಂಡಿದೆ. ನೀವು ನಗಬಹುದು, ಆ ವಾಸನೆಗೆ ನನಗೆ ಅವ್ವನ ನೆನಪಾಯಿತು.

ಹುಮನಾಬಾದಿನ ಓಣಿಯಲ್ಲಿ ನಮ್ಮ ಮನೆಗೂ ನಾನು ಚಿಕ್ಕಮ್ಮನೆಂಬಂತೆ ಖಾಲಾ ಎನ್ನುತ್ತಿದ್ದ ಮಾಬೂಬಿಯ ಮನೆಗೂ ನಡುವೆ ಒಂದೇ ಗೋಡೆ. ಎರಡೂ ಬಚ್ಚಲಿನ ನೀರು ಫರ್ಸಿಕಲ್ಲು ಮುಚ್ಚಿದ ಮೋರಿಯಲ್ಲಿ ಹರಿದು, ಗೋಡೆಯ ಅಡಿಯಲ್ಲಿ ಕೂಡಿ, ಬೀದಿಗೆ ಹೋಗುತ್ತಿತ್ತು. ನಲವತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಅದು ಕಟ್ಟಿತು. ಕಾರಣ ನನಗೆ ಗೊತ್ತಾಗಲು ಒಂಬತ್ತು ದಿನ ಹಿಡಿಯಿತು. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಗೋರ್ಟಾದ ಕಗ್ಗೊಲೆಯ ಸುದ್ದಿ ಬಂದ ವಾರ ನಿಜಾಮನ ಪರದ ರಜಾಕಾರರಿಗೆ ಹೆದರಿ ಅವ್ವ ತನ್ನ ಬೆಳ್ಳಿಯನ್ನೆಲ್ಲ ಹಳೆಯ ಧೋತರದಲ್ಲಿ ಗಂಟು ಕಟ್ಟಿ ಮೋರಿಯೊಳಗೆ ತಳ್ಳಿದ್ದಳು. ಮುಂದೆ ಹಿಂದೂಸ್ತಾನದ ಮಿಲಿಟರಿ ಬಂದಾಗ, ಇನ್ನು ತಮಗೇನು ಕಾದಿದೆಯೋ ಎಂದು ಹೆದರಿ, ಖಾಲಾ ತನ್ನ ಮಗಳ ಮದುವೆಯ ಬೆಳ್ಳಿಯ ಒಡವೆಗಳನ್ನು ಗಂಟು ಕಟ್ಟಿ ಆ ಕಡೆಯಿಂದ ತಳ್ಳಿದ್ದಳು. ಗೋಡೆಯ ಮೇಲಿಂದ ದಿನವೂ ಮಜ್ಜಿಗೆ, ಕೊತ್ತಂಬರಿ ದಾಟಿಸಿಕೊಳ್ಳುತ್ತಿದ್ದ ಇಬ್ಬರೂ ಇದನ್ನು ಮಾತ್ರ ಒಬ್ಬರಿಗೊಬ್ಬರು ಹೇಳಿರಲಿಲ್ಲ. ಮಳೆಯ ನೀರು ಎರಡು ಗಂಟನ್ನೂ ಯಾರ ಕೈಗೂ ಎಟುಕದಂತೆ ಗೋಡೆಯ ಅಡಿಗೆ ಒಯ್ದು ಕೂಡಿಸಿತ್ತು. ಖಾಲಾಳ ಮಗಳ ನಿಖಾ ಮುಂದಿನ ಶುಕ್ರವಾರ.

ನಾನಾಗ ಮಾಸ್ತರಿಕೆಯ ತರಬೇತಿ ಮುಗಿಸಿ ಬಂದವನು. ವೇಳಾಪಟ್ಟಿಯಿಂದ ಆಗದ ಕೆಲಸವೇ ಇಲ್ಲವೆಂದು ನಂಬಿದ್ದೆ. ಆರಕ್ಕೆ ಫರ್ಸಿ ಎತ್ತುವುದು, ಆರೂಕಾಲಿಗೆ ಕೆದಕುವುದು, ಏಳಕ್ಕೆ ಕೈ ತೊಳೆಯುವುದು ಎಂದು ಕಾಗದದ ಮೇಲೆ ಬರೆದು ಬಾಗಿಲಿಗೆ ಅಂಟಿಸಿದೆ. ಆರಕ್ಕೆ ಹೋದರೆ ಫರ್ಸಿಯ ಮೇಲೆ ಅವ್ವ ಕೂತು ಜೋಳ ಹಸನು ಮಾಡುತ್ತಿದ್ದಾಳೆ.

“ಏಳವ್ವಾ, ಮೋರಿ ತೆಗೀಬೇಕು.”

“ಇವತ್ತ ಸೋಮವಾರ. ಸೋಮವಾರ ಕಲ್ಲ ಎತ್ತಬಾರದು.”

ಮಂಗಳವಾರವೂ ಎತ್ತಬಾರದಂತೆ. ಬುಧವಾರ ಕೇಳಿದರೆ, “ಮೂಲಿನಕ್ಷತ್ರ ಐತಿ” ಎಂದಳು. ಗೋಡೆಯಾಚೆ ಇಣುಕಿದೆ. ಖಾಲಾ ತನ್ನ ಕಡೆಯ ಫರ್ಸಿಯ ಮೇಲೆ ಹೊರಸು ಹಾಕಿ, ನಿಂತ ನೀರಿನ ನಡುವೆ ಮಲಗಿದ್ದಳು.

“ನೀರಾಗ ಯಾಕ ಮಲಗೀರಿ ಖಾಲಾ?”

“ಟೊಂಕಕ್ಕ ಥಂಡಾ ಚಲೋ ಬೇಟಾ. ಹಕೀಮ್ ಸಾಹೇಬರು ಹೇಳ್ಯಾರ.”

ಇಬ್ಬರೂ ಕೊಡ ಹಿಡಿದು ಅಂಗಳದ ನೀರು ಮೊಗೆದು ಬೀದಿಗೆ ಚೆಲ್ಲುತ್ತಿದ್ದರು, ಚೆಲ್ಲುತ್ತಲೇ ಮೋರಿಯನ್ನು ಹೊಗಳುತ್ತಿದ್ದರು.

“ಮೋರಿ ಚಲೋ ಐತಿ ಅಕ್ಕಾ. ನೀರೇ ಜಾಸ್ತಿ ಆಗ್ಯಾವ.”

“ಹೌದ ಬೂಬೂ, ಮೋರಿದೇನ ತಪ್ಪಿಲ್ಲ,” ಅವ್ವ ಅನ್ನುವಳು.

ಇಬ್ಬರು ಹಿರಿಯರು ಇಷ್ಟು ಖಾತರಿಯಾಗಿ ಹೇಳುವಾಗ ತಪ್ಪು ನೆಲದ ಇಳಿಜಾರಿನದೇ ಇರಬೇಕೆಂದು ನಾನು ತೀರ್ಮಾನಿಸಿದೆ. ಬಟ್ಟಲಲ್ಲಿ ನೀರಿಟ್ಟುಕೊಂಡು, ಅಡಿಪಟ್ಟಿ ಹಿಡಿದು, ಎರಡು ದಿನ ಅಂಗಳ ಅಳೆದೆ. ಇಳಿಜಾರು ಸರಿಯಾಗಿಯೇ ಇತ್ತು.

ಹೀಗೇ ವಾರ ಕಳೆದು ನಿಖಾಕ್ಕೆ ಎರಡೇ ದಿನ ಉಳಿದವು. ಒಲೆ ಹೂಡಲು ಬಂದ ಬಾವರ್ಚಿ ಖಾಲಾಳ ಅಂಗಳ ನೋಡಿ, “ಇಲ್ಲಿ ಬಿರ್ಯಾನಿ ಮಾಡ್ಲೊ, ಮೀನ ಹಿಡೀಲೊ?” ಎಂದು ಕೇಳಿ ಹೊರಟುಹೋದ. ಖಾಲಾ ಹೊರಸಿನ ಮೇಲೆ ಕೂತು ಅತ್ತಳು. ನನಗೆ ತಡೆಯಲಾಗಲಿಲ್ಲ. ಯಾರನ್ನೂ ಕೇಳದೆ ಬೀದಿಯ ಕಡೆಯಿಂದ ಉದ್ದನೆಯ ಬಿದಿರು ತೂರಿಸಿ ಬಲವಾಗಿ ನೂಕಿದೆ. ಒಳಗೆ ಘಲ್ಲೆಂದಿತು.

“ಮೆಲ್ಲಕ!”

ಗೋಡೆಯ ಎರಡೂ ಕಡೆಯಿಂದ ಒಮ್ಮೆಲೇ ಚೀರಾಟ. ನಾನು ಒಳಗೆ ಬಂದಾಗ ಗೋಡೆಯ ಮೇಲೆ ಎರಡು ಮುಖಗಳು ಎದುರುಬದುರಾಗಿದ್ದವು.

“ನಿಂದೂ ಅದರಾಗೇ ಐತೇನ?” ಅವ್ವ ಕೇಳಿದಳು.

“ಹೌದಕ್ಕಾ.”

“ನನಗ ಅಂಜಿ ಇಟ್ಟಿದ್ದೇನ?”

“ನೀವು ಯಾರಿಗೆ ಅಂಜಿ ಇಟ್ಟಿದ್ರಿ ಅಕ್ಕಾ?”

ಅವ್ವ ಇಳಿದು ಬಂದು ತಾನೇ ಫರ್ಸಿಗೆ ಕೈ ಹಚ್ಚಿದಳು.

ಬಿದಿರಿನ ನೂಕಿಗೆ ಗಂಟುಗಳು ಕೈಗೆ ಎಟುಕುವಷ್ಟು ಹಿಂದೆ ಸರಿದಿದ್ದವು. ಬಟ್ಟೆ ಕೊಳೆತು ಎರಡೂ ಗಂಟಿನ ಬೆಳ್ಳಿ ಒಂದಾಗಿ, ಇದ್ದಿಲಿನಂತೆ ಕಪ್ಪಾಗಿತ್ತು. ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಇಬ್ಬರೂ ಹಂಚಿಕೊಳ್ಳಲು ಕೂತರು. ಜಗಳ ಆಗಬಹುದೆಂದು ಹೆದರಿದ್ದೆ. ಆಯಿತು ಕೂಡ, ಆದರೆ ತಿರುಗುಮುರುಗಾಗಿ.

“ಈ ಗೆಜ್ಜಿ ನಿಮ್ದು ಅಕ್ಕಾ.”

“ನಂದಲ್ಲ. ನಿನ್ನ ಮಗಳದ, ತಗೋ.”

“ಅಲ್ಲಾನ ಆಣಿ, ನಂದಲ್ಲ!”

“ಬಸವಣ್ಣನ ಆಣಿ, ನಂದೂ ಅಲ್ಲ!”

ಆ ಗೆಜ್ಜೆ ನಾನು ಹುಟ್ಟಿದಾಗಿನಿಂದ ಅವ್ವನ ಕಾಲಲ್ಲಿ ನೋಡಿದ್ದು. ಎಡಗಾಲಿನದರ ಕೊಂಡಿ ಮುರಿದಾಗ ತಾಮ್ರದ ತಂತಿ ಸುತ್ತಿದವನೇ ನಾನು. ತಪ್ಪು ತಿದ್ದುವುದು ನನ್ನ ವೃತ್ತಿಯಲ್ಲವೇ, ಬಾಯಿ ತೆರೆದೆ. ಅವ್ವ ನನ್ನ ತೊಡೆ ಚಿವುಟಿದಳು.

“ಸಾಲಿ ಕಲತಾಂವಾ, ಸುಮ್ಮ ಕೂಡ್ರು.”

ಶುಕ್ರವಾರ ಒಣಗಿದ ಅಂಗಳದಲ್ಲಿ ಮದುಮಗಳು ತಾಮ್ರದ ತಂತಿಯ ಗೆಜ್ಜೆ ಹಾಕಿಕೊಂಡು ನಡೆದಳು. ಅವ್ವ ಸುಳ್ಳು ಆಣೆ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಇವತ್ತು ಎಂಟಕ್ಕೆ ಮೋರಿ ತೆಗೆಯುವವನು ತಂತಿ ಹಿಡಿದು ಬಂದ. ಅವನನ್ನು ನಿಲ್ಲಲು ಹೇಳಿ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಮುಡಬಿಯಿಂದ ಬಂದು ಬಾಡಿಗೆಗಿರುವ ಹೆಣ್ಣುಮಗಳು. ಎಂಟು ತಿಂಗಳಲ್ಲಿ ನಾನು ಅವಳೊಂದಿಗೆ ಆಡಿದ ಮಾತೆಂದರೆ ನಳ ಬಂದ್ ಮಾಡು ಎಂಬುದೊಂದೇ.

“ಮೋರಿ ತೆಗಸಾಕತ್ತೇನಿ. ಅದರಾಗ ನಿಮ್ದೇನರ ಐತೇನವಾ?”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇಲ್ರಿ ಅಜ್ಜಾರ… ಆರಾಮ ಅದೀರಿಲ್ಲ? ಒಳಗ ಬರ್ರಿ, ಚಾ ಕುಡೀರಿ.”

ಎಂಟೂಕಾಲು ನಾನು ಚಹಾ ಕುಡಿಯುವ ಹೊತ್ತಲ್ಲ. ಒಳಗೆ ಹೋಗಿ ಕುಡಿದೆ.